ಪಾತಿಗೆ ಹಿಡಿದ ಟೇಪು

ಮಾರ್ಚ್ ೧೪, ಶನಿವಾರ

ಟೇಪು ಹಿಡಿದು ಹಿತ್ತಲಿಗೆ ಹೋಗಿದ್ದೇ ತಪ್ಪಾಯಿತು.

ಬಿಪಿ ಇಳಿಯಬೇಕಾದರೆ ಏನಾದರೂ ಹವ್ಯಾಸ ಹಚ್ಚಿಕೊಳ್ಳಿ ಎಂದಿದ್ದರು ಡಾಕ್ಟರು. ಚೆನ್ನಾಗಿ ಇಳಿಯಿತು!

ಹಿತ್ತಲಲ್ಲಿ ಬಿಸಿಲು ಬೀಳುವುದು ಅಣ್ಣನ ಬೇಲಿಯ ಪಕ್ಕದಲ್ಲಿ ಮಾತ್ರ. ಮನೆ ಪಾಲಾದ ಮೇಲೆ ಮೂರು ವರ್ಷದಿಂದ ನಮಗಿಬ್ಬರಿಗೂ ಮಾತಿಲ್ಲ. ಟೊಮೇಟೊಗೆ ಒಂದು ಪಾತಿ, ಬೆಂಡೆಗೆ ಒಂದು ಎಂದು ಅಳೆದು, ಗೂಟ ನೆಟ್ಟು ದಾರ ಕಟ್ಟುತ್ತಿದ್ದೆ. ತಲೆಯೆತ್ತಿದರೆ ಬೇಲಿಯಾಚೆ ಅಣ್ಣ, ಮುಖ ಗಂಟಿಕ್ಕಿಕೊಂಡು ನಿಂತಿದ್ದಾನೆ.

"ಮತ್ತೆ ಅಳೆಯೋಕೆ ಶುರು ಮಾಡಿದ್ಯಾ? ಕೊಟ್ಟಿದ್ದು ಸಾಲಲಿಲ್ವಾ?"

ತರಕಾರಿಗೆ ಕಣಣ್ಣಾ ಎಂದಿದ್ದರೆ ಮುಗಿಯುತ್ತಿತ್ತು. ಆ ಧ್ವನಿ ಕೇಳಿ ನನಗೂ ಪಿತ್ತ ನೆತ್ತಿಗೇರಿತು.

"ನನ್ನ ಜಾಗ, ಏನ್ ಬೇಕಾದ್ರೂ ಮಾಡ್ಕೋತೀನಿ!"

ಅತ್ತಿಗೆ ಓಡಿಬಂದು ಅವನನ್ನು ಒಳಗೆ ಎಳೆದುಕೊಂಡು ಹೋದರು.

"ಬೀಜದ ಪೊಟ್ಟಣ ತೋರಿಸಿದ್ರೆ ಸಾಕಿತ್ತಲ್ರೀ, ಜೇಬಲ್ಲೇ ಇತ್ತಲ್ಲ" ಎಂದಳು ನನ್ನವಳು, ಊಟ ಬಡಿಸುತ್ತಾ.

ಈಗ ಗೋಡೆಯಾಚೆ ಕಬ್ಬಿಣದ ಪೆಟ್ಟಿಗೆ ಎಳೆಯುವ ಸದ್ದು. ಪಾಲುಪತ್ರ ಹುಡುಕುತ್ತಿದ್ದಾನೆ, ನನಗೆ ಗೊತ್ತು. ನಾಳೆ ಬೆಳಗಾಗುವುದನ್ನೇ ಕಾಯುತ್ತಿರುತ್ತಾನೆ.

ನಾನೂ ಎದ್ದು ನನ್ನ ಪ್ರತಿಯನ್ನು ಹುಡುಕಿ ಮೇಜಿನ ಮೇಲೆ ಇಟ್ಟೆ. ಬೀಜದ ಪೊಟ್ಟಣ ಇನ್ನೂ ಜೇಬಿನಲ್ಲೇ ಇದೆ.