ಕರುವಿನ ಹೆಸರಿದ್ದ ಹಾಳೆ

ಇಸವಿ ೨೬೧೪, ಮೂರನೆಯ ಆಷಾಢದ ನಲವತ್ತೊಂದನೆಯ ದಿನ

ಹಿಂದಿನವರಿಗೆ ಪದಶಾಲೆಯ ಪಿಳ್ಳಮ್ಮನ ನಮಸ್ಕಾರ. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಮಾತು ಎಲ್ಲಾದರೂ ಒರಟಾದರೆ ಮನ್ನಿಸಿ.

ಮೇಲೆ ಬಿಸಿಲು ಬಾಳಗೊಡದ ಕಾರಣ, ಕೋಲಾರದ ಕಡೆಯ ಹಳೆಯ ಚಿನ್ನದ ಗಣಿಯೊಳಗೆ ನಮ್ಮ ವಾಸ. ಪದಶಾಲೆ ಎಂದರೆ ಯಾರೂ ಆಡದ ಭಾಷೆಗಳ ಪದಗಳಿಗೆ ಅರ್ಥ ಹುಡುಕುವ ಸುರಂಗ. ಅಲ್ಲಿ ಹಾಳೆಗಳನ್ನು ಕಾಪಾಡುವವರು ಗಂಗುಲಪ್ಪನವರು, ಎಪ್ಪತ್ತು ದಾಟಿದವರು.

ಹೋದ ತಿಂಗಳು ಪೆಟ್ಟಿಗೆಯೊಂದರಲ್ಲಿ ದಪ್ಪನೆಯ ಕೆನೆಬಣ್ಣದ ಹಾಳೆ ಸಿಕ್ಕಿತು. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ 'ವೆಲಮ್' ಎಂದಿತ್ತು.

"ವೆಲ್ಲಂ ಅಂದ್ರೆ ತಮಿಳಲ್ಲಿ ಬೆಲ್ಲ ಅಲ್ವೇನಮ್ಮಾ?" ಎಂದು ಗಂಗುಲಪ್ಪನವರು ನಕ್ಕರು.

ಮೂರು ದಿನ ನಿಘಂಟುಗಳನ್ನು ತಡಕಿದೆ. ಇಂಗ್ಲಿಷಿಗೆ ಆ ಪದ ಫ್ರೆಂಚಿನಿಂದ ಬಂದಿತ್ತು, ಅದರ ಬೇರು ಲ್ಯಾಟಿನ್ನಿನಲ್ಲಿತ್ತು. ಅಲ್ಲಿ ಅದರ ಅರ್ಥ ಕರು. ಎಳಗರುವಿನ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ರೋಮ ಕೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿ ಬರೆಯುತ್ತಿದ್ದರಂತೆ. ನಮ್ಮಲ್ಲಿ ಕರುವನ್ನು ಕಂಡವರಿಲ್ಲ. ದನಗಳು ಅಳಿದು ಇನ್ನೂರು ವರ್ಷವಾಯಿತು.

ಅದನ್ನು ನಾನು ಓದಿ ಹೇಳಿದ ದಿನವೇ ಗಾಳಿಯಂತ್ರ ಕೆಟ್ಟು ಸುರಂಗದಲ್ಲಿ ತೇವ ಏರಿತು. ನೋಡುನೋಡುತ್ತಲೇ ಹಾಳೆ ಮುದುಡಿ ಮೇಲೆದ್ದಿತು. ನಡುವೆ ಬೆನ್ನಿನ ಏಣು ಮೂಡಿತು, ಒಂದು ತುದಿ ಕತ್ತಿನಂತೆ ಹೊರಳಿತು, ಮೂಲೆಗಳು ಕಾಲುಗಳಾಗಿ ಒಳಕ್ಕೆ ಮಡಚಿಕೊಂಡವು. ಗಂಗುಲಪ್ಪನವರು ಅದರ ಮೇಲೆ ಅಂಗೈ ಇಟ್ಟರು.

"ಬೆಚ್ಚಗೈತೆ, ಪಿಳ್ಳಮ್ಮಾ."

ನಾನೂ ಮುಟ್ಟಿದೆ. ನಿಜ.

ಹಾಳೆಯನ್ನು ಕಬ್ಬಿಣದ ತಗಡುಗಳ ನಡುವೆ ಒತ್ತಿ, ಅಕ್ಷರ ಓದಿ ಒಪ್ಪಿಸಬೇಕೆಂದು ಹಿರಿಯರ ಮಂಡಳಿ ಅಪ್ಪಣೆ ಕಳಿಸಿತು. ಗಂಗುಲಪ್ಪನವರು ಮಂಡಳಿಯವರ ಎದುರಿಗೇ ಹೋಗಿ ಒಲ್ಲೆನೆಂದು ತಲೆಯಾಡಿಸಿದರು.

"ಅದನ್ನ ಆಗ್ಲೇ ಒಂದ್ಸಾರಿ ಬಿಗ್ದು ಕಟ್ಟವ್ರೆ ಸ್ವಾಮಿ. ಇನ್ನೊಂದ್ಸಾರಿ ನನ್ ಕೈಲಿ ಆಗಲ್ಲ."

ಅವರ ನಲವತ್ತು ವರ್ಷದ ಕೆಲಸ ಹೋಯಿತು. ಹಾಳೆ ಒತ್ತುವಂತೆ ಮಂಡಳಿಯವರು ಅವರ ಬದಲಿಗೆ ನನಗೆ ಹೇಳಿದರು. ನಾನು ಹಾಳೆ ಕೊಳೆತುಹೋಯಿತೆಂದು ಸುಳ್ಳು ಬರೆದುಕೊಟ್ಟೆ. ಅದೀಗ ಗಂಗುಲಪ್ಪನವರ ಕೋಣೆಯಲ್ಲಿದೆ. ಅಕ್ಷರಗಳು ಮಾಸಿವೆ. ದಿನಾ ಬೆಳಿಗ್ಗೆ ಅದು ನೀರು ಜಿನುಗುವ ಗೋಡೆಯ ಕಡೆಗೆ ಒಂದು ಗೇಣು ಸರಿದಿರುತ್ತದೆ. ನಾನು ನೆಲಕ್ಕೆ ಸುಣ್ಣದ ಗೆರೆ ಎಳೆದು, ಅವರನ್ನು ನನ್ನ ಮನೆಯಲ್ಲಿ ಮಲಗಿಸಿ, ಕೋಣೆಗೆ ಬೀಗ ಹಾಕಿ ನೋಡಿದೆ. ಆಗಲೂ ಸರಿದಿತ್ತು.

ಮೊನ್ನೆಯಿಂದ ಗಂಗುಲಪ್ಪನವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ತಾಯಿ ತನ್ನ ಕರುವನ್ನು ಹೇಗೆ ಕರೆಯುತ್ತಿತ್ತು? ನಿಘಂಟಿನಲ್ಲಿ 'ಅಂಬಾ' ಎಂಬ ಎರಡಕ್ಷರವಿದೆ. ಅದನ್ನು ನಾವಿಬ್ಬರೂ ಎಷ್ಟು ಬಗೆಯಲ್ಲಿ ಕೂಗಿದರೂ ಹಾಳೆ ಇತ್ತ ತಿರುಗಲಿಲ್ಲ. ನಿಮ್ಮ ಬೀದಿಗಳಲ್ಲಿ ಇನ್ನೂ ದನಗಳಿವೆಯಂತೆ. ಒಮ್ಮೆ ನಿಂತು ಕೇಳಿಸಿಕೊಳ್ಳಿ. ದನಿ ಎಲ್ಲಿ ಏರುತ್ತದೆ, ಎಷ್ಟು ಹೊತ್ತು ಎಳೆಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ ಬರೆದಿಡಿ.

ದಯವಿಟ್ಟು ಕಲ್ಲಿನ ಮೇಲೆ ಬರೆಯಿರಿ.