ಅಮ್ಮನ ಸಾವಿಗೆ ನಾನು ಹೇಳಿದ ಕಾರಣ

ತೂನಾಪಂಪ,
ಆಗಸ್ಟ್ ೧೪

ಮುದ್ದಿನ ತಂಗಿ ಸೆನೋಬಿಯಾಗೆ,

ಇದನ್ನು ನಿಂತು ಓದಬೇಡ, ಕೂತು ಓದು. ಏಳು ತಿಂಗಳ ಬಸುರಿ ನೀನು.

ಅಮ್ಮ ಆಲೂಗಡ್ಡೆ ಸುಲಿಯುತ್ತ ಕೂತಲ್ಲೇ ಉರುಳಿ ಒಂದೂವರೆ ವರ್ಷವಾಯಿತು. ನಮ್ಮೂರಲ್ಲಿ ಡಾಕ್ಟರು ಎಲ್ಲಿದ್ದಾರೆ? ಇಬ್ಬರು ಸಾಕ್ಷಿಗಳು ಹೇಳಿದ್ದನ್ನೇ ಸಾವು ನೋಂದಾಯಿಸುವ ದೊನ್ ಎವಾರಿಸ್ತೊ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. "ಏನಾಗಿ ಹೋದ್ಳಮ್ಮಾ ನಿಮ್ಮವ್ವ?" ಎಂದು ಕೇಳಿದರು. "ಬೆಚ್ಚಿಬಿದ್ದು" ಅಂದೆ. ಪಕ್ಕದ ಮನೆಯ ಬಾಸಿಲಿಯಾ ಹೂಂಗುಟ್ಟಿದಳು. ಬೆಚ್ಚಿದವರ ಪ್ರಾಣ ಮೈಬಿಟ್ಟು ಹೋಗುತ್ತದೆ, ಹೆಸರು ಹಿಡಿದು ಕೂಗಿ ವಾಪಸ್ ತರದಿದ್ದರೆ ಸಾಯುತ್ತಾರೆ ಅನ್ನುವುದು ನಮ್ಮವರಿಗೆ ಹೊಸದೇ? ನೀನು ಮೆಚ್ಚಿದವನ ಜೊತೆ ಸಾಂತಾಕ್ರೂಸ್ ಪಟ್ಟಣಕ್ಕೆ ಓಡಿಹೋದ ಸುದ್ದಿ ಅವತ್ತೇ ಬಂದಿತ್ತು. ಅದನ್ನು ಕೇಳಿಯೇ ಅಮ್ಮ ಬೆಚ್ಚಿದಳೆಂದು ಊರೇ ಜೋಡಿಸಿಕೊಂಡಿತು. ಎಂಟನೇ ದಿನ ಸತ್ತವರ ಬಟ್ಟೆ ಒಗೆಯುವ ಪದ್ಧತಿಯಂತೆ ಹೊಳೆಯಲ್ಲಿ ಅಮ್ಮನ ಬಟ್ಟೆ ಒಗೆಯುವಾಗ, ಅಳುತ್ತ ಬಂದ ನಿನ್ನನ್ನು ಯಾರೂ ಹತ್ತಿರ ಸೇರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಹೋದ ತಿಂಗಳು ಅಮ್ಮನ ಕೋಣೆಯ ಮಣ್ಣಿನ ಗೋಡೆ ಕೆಡವಿಸಿದೆ. ಬಿರುಕಿನೊಳಗೆಲ್ಲ ರಾತ್ರಿ ರಕ್ತ ಹೀರುವ ವಿಂಚೂಕಾ ತಿಗಣೆ, ಮುಷ್ಟಿಗಟ್ಟಲೆ. ಔಷಧಿ ಹೊಡೆಯಲು ಬಂದವರ ಜೊತೆಗಿದ್ದ ನರ್ಸು ನನ್ನ ರಕ್ತ ತೆಗೆದುಕೊಂಡು ಹೋದಳು. ಇವತ್ತು ಪೇಟೆಯ ಡಾಕ್ಟರು ಕರೆಸಿ ಹೇಳಿದರು, ಆ ಹುಳದಿಂದ ಹರಡುವ ರೋಗ ನನಗಿದೆ ಎಂದು. ಇಪ್ಪತ್ತು ಮೂವತ್ತು ವರ್ಷ ಸದ್ದಿಲ್ಲದೆ ಇದ್ದು ಕೆಲವರ ಹೃದಯ ಕೆಡಿಸುತ್ತದಂತೆ. ಅಂಥವರು ಒಂದು ದಿನ ಕೂತಲ್ಲೇ ಉರುಳುವುದೂ ಉಂಟಂತೆ. ಹಾಗಾದರೆ ನಮ್ಮಮ್ಮ, ಎಂದು ಕೇಳಿದೆ.

"ಇರಬಹುದು. ಅವರನ್ನ ಯಾರೂ ಪರೀಕ್ಷೆ ಮಾಡಿಲ್ವಲ್ಲ. ಹೌದು ಅಂತ ನಾನು ಬರೆದುಕೊಡೋಕಾಗಲ್ಲ" ಅಂದರು.

ಅಲ್ಲಿಂದ ದೊನ್ ಎವಾರಿಸ್ತೊ ಬಳಿ ಓಡಿದೆ. ಡಾಕ್ಟರ ಚೀಟಿ ಇಲ್ಲದೆ ಒಂದಕ್ಷರ ತಿದ್ದಲಾಗದು ಎಂದರು. ಆ ಪುಸ್ತಕ ಹಾಳಾಗಲಿ. ನಾವಿಬ್ಬರೂ ಅದೇ ಕೋಣೆಯಲ್ಲಿ ಮಲಗಿ ಬೆಳೆದವರು. ಇದು ಬಸುರಿಯಿಂದ ಕೂಸಿಗೂ ದಾಟಬಹುದಂತೆ. ಈ ಕಾಗದ ಸಿಕ್ಕ ಮರುದಿನವೇ ಹೋಗಿ ಪರೀಕ್ಷೆಗೆ ರಕ್ತ ಕೊಡು. ಕೂಸು ಹುಟ್ಟಿದ ಮೇಲೆ ಅದಕ್ಕೂ ಪರೀಕ್ಷೆ ಮಾಡಿಸು. ಬೇಗ ಗೊತ್ತಾದರೆ ಎಳೆಗೂಸುಗಳಿಗೆ ವಾಸಿಯಾಗುತ್ತದೆ ಎಂದು ಡಾಕ್ಟರು ಎರಡು ಸಲ ಹೇಳಿದರು.

ನಿನ್ನ ಅಕ್ಕ,
ದೆಲ್ಫಿನಾ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ನೀನು ಹೋದ ಸುದ್ದಿ ಅಮ್ಮನಿಗೆ ಗೊತ್ತೇ ಇರಲಿಲ್ಲ. ನಾನು ಇನ್ನೂ ಹೇಳಿರಲಿಲ್ಲ. ಅವತ್ತು ಬೆಳಿಗ್ಗೆ ಅಮ್ಮ ಎದೆ ಹಿಡಿದುಕೊಂಡು "ಉಸಿರು ಸಿಗ್ತಿಲ್ಲ ಕಣೇ" ಅಂದಳು. ಕೆಲಸಗಳ್ಳಿ ಎಂದು ಬೈದು, ಆಲೂಗಡ್ಡೆ ಬುಟ್ಟಿ ಅವಳ ಮುಂದೆ ಇಟ್ಟವಳು ನಾನು.