ಕೊರಳ ಮೇಲಿನ ಹಗುರ ಕೈ

ಗದಗ, ಫೆಬ್ರವರಿ ೩೦, ೨೧೮೭

ಡಾಕ್ಟರ್ ಎಸ್ತೇರ್ ಅವರಿಗೆ ನಾಗರತ್ನ ಕಮ್ಮಾರಳ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನೂರೈವತ್ತು ವರ್ಷ ಹಿಂದಿನ ನಿಮ್ಮ ಕನ್ನಡವೂ ನಮಗೆ ಸ್ವಲ್ಪ ಹಾಗೆಯೇ.

ನಮ್ಮ ಓಣಿಯ ದವಾಖಾನೆಯಲ್ಲಿ ಒಂದು ಕೊರಳಗನ್ನಡಿ ಇದೆ. ನಿಮ್ಮ ವಾರ್ಡಿನ ಅಲ್ಟ್ರಾಸೌಂಡ್ ಯಂತ್ರದ ಮರಿಮೊಮ್ಮಗಳೆನ್ನಿ, ಅಂಗೈಯಷ್ಟೇ ಇದೆ. ಕಾಯಿಲೆಬಿದ್ದ ಮಗುವಿನ ಕತ್ತಿನ ಮೇಲಿಟ್ಟರೆ ಒಳಗಿನ ರಕ್ತನಾಳ ಎಷ್ಟು ತುಂಬಿದೆ, ಮೈಗೆ ಇನ್ನೂ ನೀರು ಬೇಕೋ ಸಾಕೋ ಎಂಬುದರ ಸುಳಿವು ಸಿಗುತ್ತದೆ. ಕತ್ತಿಗೆ ಕೈ ಹಾಕಿದರೆ ಯಾವ ಮಗು ತಾನೇ ಸುಮ್ಮನಿದ್ದೀತು? ಅದಕ್ಕೇ ಮೊದಲು ಮನೆಯ ಹಿರಿಯರ ಕತ್ತಿಗೆ ಇಟ್ಟು ತೋರಿಸುವುದು ರೂಢಿ. ನನ್ನ ಕತ್ತಿನ ಒಳಗನ್ನು ಇಡೀ ಓಣಿ ನೋಡಿ ಆಗಿದೆ.

ಹೋದ ವಾರ ನನ್ನ ನಾಲ್ಕು ವರ್ಷದ ಮೊಮ್ಮಗಳು ಇಬ್ಬನಿಗೆ ಡೆಂಗಿ ಬಂತು. ಅದು ನಮ್ಮ ಕಾಲದಲ್ಲೂ ತೊಲಗಿಲ್ಲ. ದವಾಖಾನೆಯಲ್ಲಿ ಡ್ರಿಪ್ ಹಾಕಿದರು. ಅದು ಕಡಿಮೆಯಾದರೆ ಕೆಡುಕು, ಹೆಚ್ಚಾದರೆ ಎದೆಯಲ್ಲಿ ನೀರು ತುಂಬುತ್ತದೆ. ಮಗ ಶಂಕರನಿಗೆ ತಾಳ್ಮೆಯೆಂಬುದು ಹುಟ್ಟಿನಿಂದಲೂ ಇಲ್ಲ. ನರ್ಸ್ ಹುಸೇನಬಿ ಬರುವುದರೊಳಗೆ ತಾನೇ ಕನ್ನಡಿ ಎತ್ತಿಕೊಂಡು, ಕೊಸರಾಡುವ ಮಗುವಿನ ಕತ್ತಿಗೆ ಒತ್ತಿದ. ರಕ್ತನಾಳ ಚಪ್ಪಟೆ. ನೀರು ಸಾಲದು, ಡ್ರಿಪ್ ಜೋರು ಮಾಡಿ ಎಂದು ಕೂಗಿದ.

ಹುಸೇನಬಿ ಬಂದವಳೇ ಅವನ ಕೈ ಸರಿಸಿದಳು. "ಒತ್ತಿದ್ರ ನರ ಚಪ್ಪಟ ಆಗತೈತಿ, ಅತ್ತರ ಉಬ್ಬತೈತಿ. ಕೂಸು ಸುಮ್ನಾಗಲಿ, ತಡೀರಿ ಅಣ್ಣಾರ" ಅಂದಳು. ಅಳು ನಿಂತ ಮೇಲೆ ಹೂ ಇಟ್ಟ ಹಾಗೆ ಇಟ್ಟಳು. ನಾಳ ದುಂಡಗೆ ತುಂಬಿತ್ತು. ನಾಡಿ, ಬಿಪಿ ನೋಡಿ ಡಾಕ್ಟರಿಗೆ ತಿಳಿಸಿದಳು. ಡ್ರಿಪ್ ಜೋರಾಗಲಿಲ್ಲ, ಇನ್ನಷ್ಟು ನಿಧಾನವಾಯಿತು. ಮಧ್ಯಾಹ್ನ ಇಬ್ಬನಿ, ಮೈಗೆ ನೀರು ಸಾಕಾಗಿದೆಯೆಂದು ತೋರಿಸುವಂತೆ, ನನ್ನ ಮಡಿಲಲ್ಲೇ ಧಾರಾಳವಾಗಿ ಉಚ್ಚೆ ಹೊಯ್ದಳು. ಆ ಒದ್ದೆ ಸೀರೆಯಲ್ಲಿ ಕೂತು ನಾನು ಅತ್ತೆ, ಆಮೇಲೆ ನಕ್ಕೆ.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಹುಸೇನಬಿಯನ್ನು ಕೇಳಿದೆ. ನೀವೇ ಕೈಯಾರೆ ಬರೆದ ನಿಮ್ಮ ವಾರ್ಡ್ ಪುಸ್ತಕದ ಒಂದು ಪುಟದ ಪ್ರತಿ ತೋರಿಸಿದಳು. ಅವರ ತರಬೇತಿಯ ಮೊದಲ ಪಾಠವೇ ಅದಂತೆ. "ನಾನು ಒತ್ತಿ ಹಿಡಿದೆ. ನಾಳ ಚಪ್ಪಟೆಯಾಗಿ ಕಂಡಿತು. ಸಲೈನ್ ಹೆಚ್ಚು ಕೊಟ್ಟೆ. ಮಗು ಎರಡು ದಿನ ಉಸಿರಿಗೆ ಒದ್ದಾಡಿ ಉಳಿಯಿತು. ತಪ್ಪು ನನ್ನದು." ಅದನ್ನು ಹೊಡೆದುಹಾಕಲು ಹೊರಟ ಒಂದು ಗೀಟೂ ಅಲ್ಲಿದೆ. ಅದು ಮೊದಲ ಸಾಲನ್ನು ದಾಟಿಲ್ಲ.

ನಿಮಗೆ ನಾಚಿಕೆಯಾಗಿರಬೇಕು, ಸಹಜ. ಈ ಕಾಗದ ಸರಿಯಾದ ಹೊತ್ತಿಗೆ ತಲುಪಿದ್ದರೆ ಪೆನ್ನು ಇನ್ನೂ ನಿಮ್ಮ ಕೈಯಲ್ಲೇ ಇದೆ. ದಯವಿಟ್ಟು ಆ ಗೀಟನ್ನು ಅಲ್ಲಿಗೇ ನಿಲ್ಲಿಸಿ, ತಾಯಿ. ನನ್ನ ಮೊಮ್ಮಗಳು ಬದುಕಬೇಕು.